ಮೊದಲ ವರ್ಷ: ಆಟವೇ ಮಗುವಿನ ಪಾಠ



ಸಂಘದ ಸಭೆಯಲ್ಲಿ ಮಗುವಿನ ವಿಷಯ ಬಂದರೆ ತೂಕ, ಚುಚ್ಚುಮದ್ದು, ರಾಗಿ ಸರಿ ಇವುಗಳ ಬಗ್ಗೆ ಎಲ್ಲರೂ ಮಾತಾಡ್ತೀರಿ. ಸಂತೋಷ. ಆದರೆ "ಇವತ್ತು ಮಗುವಿನ ಜೊತೆ ಆಟ ಆಡಿದಿರಾ?" ಎಂದು ಕೇಳಿದರೆ, "ಕೂಲಿಗೆ ಹೋಗಿ ಬಂದು ಅಡುಗೆ ಮಾಡೋದೋ, ಆಟ ಆಡೋದೋ ಸಿಸ್ಟರ್?" ಅಂತೀರಿ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಬೇರೆ ಸಮಯ, ಬೇರೆ ದುಡ್ಡು ಕೇಳುವ ಆಟ ಈ ಪಾಠದಲ್ಲಿ ಒಂದೂ ಇಲ್ಲ.

ಆಟದಿಂದ ಏನು ಲಾಭ? ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ ಒಂದು ಅಧ್ಯಯನ ಶುರುವಾಯಿತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದ, 9 ತಿಂಗಳಿಂದ 2 ವರ್ಷದ ಬಡ ಮಕ್ಕಳಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಕೈಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದು ಹೇಗೆಂದು ತಾಯಿಗೆ ತೋರಿಸಿದರು. ಎರಡು ವರ್ಷ ಅಷ್ಟೇ. ಆ ಮಕ್ಕಳು 22 ವರ್ಷದವರಾದಾಗ, ಈ ಭೇಟಿ ಸಿಗದಿದ್ದವರಿಗಿಂತ ಸರಾಸರಿ ಶೇಕಡ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು ಎಂದು 2014ರಲ್ಲಿ ವರದಿ ಬಂತು. ನಾವು ಉಳಿತಾಯದ ಮಾತಾಡುವವರು. ಇದೂ ಒಂದು ಉಳಿತಾಯವೇ ಅಲ್ವಾ?

ಎಳೆಗೂಸಿಗೆ ಒಂದು ಗೇಣು, ಅದಕ್ಕಿಂತ ತುಸು ದೂರದವರೆಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಹಾಲು ಕುಡಿಸುವಾಗ ನಿಮ್ಮ ಮುಖ ಅಷ್ಟೇ ದೂರದಲ್ಲಿರುತ್ತದೆ ನೋಡಿ! ಮಗುವಿನ ಮೊದಲ ಆಟಿಕೆ ನಿಮ್ಮ ಮುಖ. ಆಗ ಮೊಬೈಲ್ ಪಕ್ಕಕ್ಕಿಡಿ. ಮಗು "ಊಂ" ಅಂದರೆ ನೀವೂ "ಊಂ" ಅನ್ನಿ, ಆಮೇಲೆ ಸುಮ್ಮನಿದ್ದು ಅದರ ಉತ್ತರಕ್ಕೆ ಕಾಯಿರಿ. ಈ ಕಾಯುವುದೇ ಮುಖ್ಯ. ನೀನೊಂದು ಮಾತು, ನಾನೊಂದು ಮಾತು ಎನ್ನುವುದನ್ನು ಮಗು ಹೀಗೇ ಕಲಿಯುವುದು. ಎಣ್ಣೆ ಹಚ್ಚುವಾಗ, ನೀರು ಹಾಕುವಾಗ ಕೈ ಕಾಲುಗಳ ಹೆಸರು ಹೇಳುತ್ತಾ ಹಾಡಿ. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅವರಿಂದ ನಾವೇ ಕಲಿಯಬೇಕು.

ಎಚ್ಚರವಿರುವಾಗ ಚಾಪೆಯ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಮಲಗಿಸಿ, ಎದುರಿಗೆ ಕೂತು ಮಾತಾಡಿಸಿ. ದಿನಕ್ಕೆ ಎಲ್ಲಾ ಸೇರಿ ಅರ್ಧ ಗಂಟೆಯಾದರೂ ಬೇಕು. ಕುತ್ತಿಗೆ, ಬೆನ್ನು ಗಟ್ಟಿಯಾಗುತ್ತದೆ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು.

ನಾಲ್ಕೈದು ತಿಂಗಳಿಗೆ ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೆ. ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಒಂದು ಹಿಡಿ ರಾಗಿ ಹಾಕಿ ಮುಚ್ಚಳ ಬಿಗಿಯಾಗಿ ಅಂಟಿಸಿದರೆ ಗಿಲಕಿ ಆಯಿತು. ಮರದ ಸೌಟು, ಸ್ಟೀಲ್ ಲೋಟ, ಹತ್ತಿ ಬಟ್ಟೆ ಸಾಕು. ಗುಂಡಿ, ನಾಣ್ಯ, ಕಡಲೆಬೀಜ ಹತ್ತಿರ ಇಡಬೇಡಿ, ಗಂಟಲಲ್ಲಿ ಸಿಕ್ಕಿದರೆ ಜೀವಕ್ಕೇ ಅಪಾಯ. ಎಂಟು ತಿಂಗಳ ಹೊತ್ತಿಗೆ ಲೋಟದ ಮೇಲೆ ಸೆರಗು ಮುಚ್ಚಿ "ಎಲ್ಲೋಯ್ತು?" ಅಂತ ಕೇಳಿ. ಕಾಣದಿದ್ದರೂ ವಸ್ತು ಇದೆ ಎಂಬ ದೊಡ್ಡ ಪಾಠ ಅದು. ಆಮೇಲೆ ಚಮಚ ಬೀಳಿಸುವುದು ಶುರು. ನೀವು ಎತ್ತಿಕೊಟ್ಟಷ್ಟೂ ಬೀಳಿಸುತ್ತದೆ. ಇದು ಹಟ ಅಲ್ಲ, ಬಿದ್ದರೆ ಏನಾಗುತ್ತೆ ಅಂತ ಪರೀಕ್ಷೆ ಮಾಡ್ತಿದೆ. ಹೊಡೆಯಬೇಡಿ.

ಸಾಲ ಮಾಡಿ ವಾಕರ್ ತರುವವರೂ ಇದ್ದಾರೆ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಭಯ ಬೇರೆ. ಕೆನಡಾ ದೇಶ 2004ರಲ್ಲೇ ಅದನ್ನು ನಿಷೇಧಿಸಿತು. ಇನ್ನು ಮೊಬೈಲ್: ಒಂದು ವರ್ಷದೊಳಗೆ ಟಿ.ವಿ., ಮೊಬೈಲ್ ತೋರಿಸಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗು ನೋಡಿಕೊಳ್ಳಲು ಅಕ್ಕನನ್ನು ಶಾಲೆ ಬಿಡಿಸುವುದೂ ಸರಿಯಲ್ಲ. 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ. ನಿಮ್ಮಲ್ಲಿ ಇದೆಯಾ, ವಿಚಾರಿಸಿ.

ಆಟ ಆಡಿಸುವ ತಾಯಿಗೆ ಮಗುವಿನ ತೊಂದರೆ ಬೇಗ ಗೊತ್ತಾಗುತ್ತದೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಆರು ತಿಂಗಳಾದರೂ ಶಬ್ದ ಬಂದ ಕಡೆ ತಿರುಗದಿದ್ದರೆ, ಒಂಬತ್ತು ತಿಂಗಳಾದರೂ "ಬಾಬಾ, ಮಾಮಾ" ಎಂಬ ತೊದಲು ಇಲ್ಲದಿದ್ದರೆ "ನಮ್ಮ ವಂಶದಲ್ಲಿ ಎಲ್ಲರೂ ತಡ" ಎಂದು ಕೂರಬೇಡಿ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಿವಿ ಕೇಳದ ಮಗುವಿಗೆ ಮೊದಲ ವರ್ಷದಲ್ಲೇ ಯಂತ್ರ ಹಾಕಿಸಿದರೆ ಮಾತು ಬರುವ ಸಾಧ್ಯತೆ ಹೆಚ್ಚು. ಶಾಲೆಗೆ ಸೇರಿಸುವಾಗ ಗೊತ್ತಾದರೆ ತುಂಬಾ ತಡ.

ಸಭೆಯಲ್ಲಿ ಚರ್ಚಿಸಿ:
ನಮ್ಮ ಸಂಘದ ಮನೆಗಳಲ್ಲಿ ಒಂದು ವರ್ಷದೊಳಗಿನ ಮಕ್ಕಳು ಎಷ್ಟು? ಹಗಲು ಅವರ ಜೊತೆ ಯಾರಿರುತ್ತಾರೆ?
ಮುಂದಿನ ಸಭೆಗೆ ಒಬ್ಬೊಬ್ಬರೂ ಒಂದು ಗಿಲಕಿ ಮಾಡಿ ತನ್ನಿ. ಮುಚ್ಚಳ ಎಳೆದು ನೋಡಿಯೇ ಮಗುವಿಗೆ ಕೊಡೋಣ.