ಗೆಳೆಯನ ಓದಿಗೆ ನೆರವಾಗೋಣ

ಮಕ್ಕಳೇ, ಆಲಸನತ್ತಂ, ಹೊಸೂರು ಕಡೆಯ ಕನ್ನಡ ಶಾಲೆಗಳಲ್ಲಿ ನಾವು ಕನ್ನಡ, ತಮಿಳು, ಇಂಗ್ಲಿಷ್ ಈ ಮೂರೂ ಭಾಷೆಗಳ ಅಕ್ಷರಗಳನ್ನು ಕಲಿಯುತ್ತೇವೆ. ಮೊದಮೊದಲು ಎಲ್ಲರೂ ತಪ್ಪು ಓದುತ್ತಾರೆ. ದಿನ ಕಳೆದಂತೆ ಹೆಚ್ಚಿನವರಿಗೆ ಓದು ಸುಲಭವಾಗುತ್ತದೆ. ಕೆಲವರಿಗೆ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಕಷ್ಟವಾಗಿಯೇ ಉಳಿಯುತ್ತದೆ. ಏಕೆ ಗೊತ್ತೇ?

ಅಕ್ಷರವನ್ನು ಕಂಡೊಡನೆ ಅದರ ಧ್ವನಿಯನ್ನು ನೆನಪಿಗೆ ತರುವುದು ಮಿದುಳಿನ ಕೆಲಸ. ಕೆಲವು ಮಕ್ಕಳಲ್ಲಿ ಈ ಕೆಲಸ ಸರಾಗವಾಗಿ ನಡೆಯುವುದಿಲ್ಲ. ಅವರು 'ಬ'ವನ್ನು 'ಭ' ಎಂದು ಓದಬಹುದು, ಒತ್ತಕ್ಷರವನ್ನು ಬಿಡಬಹುದು. ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಇನ್ನು ಕೆಲವರಿಗೆ ಒಂದೆಡೆ ಗಮನವಿಟ್ಟು ಕುಳಿತುಕೊಳ್ಳುವುದೇ ಕಷ್ಟ. ಇದಕ್ಕೆ ಎ.ಡಿ.ಎಚ್.ಡಿ. ಎಂದು ಹೆಸರು. ಒಬ್ಬರಲ್ಲಿಯೇ ಇವೆರಡೂ ಇರಬಹುದು. ಆಗ ಅಕ್ಷರಗಳನ್ನು ಕೂಡಿಸುವಷ್ಟರಲ್ಲಿ ಗಮನ ಬೇರೆಡೆಗೆ ಹೋಗುತ್ತದೆ. ಮತ್ತೆ ಪುಸ್ತಕ ನೋಡಿದರೆ ಓದುತ್ತಿದ್ದ ಸಾಲು ತಪ್ಪಿರುತ್ತದೆ.

ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು 14 ವರ್ಷದ ಹುಡುಗನೊಬ್ಬನ ವಿಷಯ ಬರೆದರು. ಅವನು ಲೆಕ್ಕದಲ್ಲಿ ಚುರುಕು. ಓದಲು ಮಾತ್ರ ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದರೆ ಶಾಲೆಗೆಲ್ಲ ಇವನೇ ಜಾಣನೆಂದು ಅವನ ಶಿಕ್ಷಕರು ಹೇಳಿದ್ದರು.

ಅಂಥ ಗೆಳೆಯನೋ ಗೆಳತಿಯೋ ನಿಮ್ಮ ತರಗತಿಯಲ್ಲಿದ್ದರೆ ನೀವೇನು ಮಾಡಬಹುದು? ತಪ್ಪು ಓದಿದಾಗ ನಗಬೇಡಿ. ಇತರರ ನಗೆಗೆ ಹೆದರಿ ಶಾಲೆಯನ್ನೇ ಬಿಡುವ ಮಕ್ಕಳುಂಟು. ಪುಸ್ತಕದ ಮೇಲೆ ರಟ್ಟಿನ ತುಂಡನ್ನಿಟ್ಟು, ಒಂದೊಂದೇ ಸಾಲು ಕಾಣುವಂತೆ ಮಾಡಿ. ಮೊದಲು ನೀವು ಓದಿ. ಆಮೇಲೆ ಅವರು ಓದಲಿ. ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಾ ಅದರ ಧ್ವನಿಯನ್ನು ಒಟ್ಟಿಗೆ ಹೇಳಿ. ಒಮ್ಮೆಗೆ ಒಂದೇ ಕೆಲಸ ತಿಳಿಸಿ. ಸ್ವಲ್ಪ ಹೊತ್ತು ಓದಿದ ಮೇಲೆ ಎದ್ದು ಹಲಗೆ ಒರೆಸಲಿ, ಪುಸ್ತಕ ಹಂಚಲಿ. ಬಳಿಕ ಮತ್ತೆ ಓದಲು ಕೂರಲಿ.

ನಿಮಗೇ ಈ ತೊಡಕಿದ್ದರೆ ಮುಚ್ಚಿಡಬೇಡಿ. ಶಿಕ್ಷಕರಿಗೂ ಮನೆಯವರಿಗೂ ಹೇಳಿ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸುವ ತಜ್ಞರಿದ್ದಾರೆ. ಕಲಿಕೆಯ ಇಂಥ ತೊಡಕನ್ನು ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಗುರುತಿಸಿದೆ. ಆದ್ದರಿಂದ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವುದು ಬೇಡುವುದಲ್ಲ. ಅದು ಮಗುವಿನ ಹಕ್ಕು.

ಅಭ್ಯಾಸ
1. ಡಿಸ್ಲೆಕ್ಸಿಯಾ ಇರುವ ಮಗುವನ್ನು ದಡ್ಡನೆಂದು ಏಕೆ ಕರೆಯಬಾರದು?
2. ಎರಡೂ ತೊಡಕುಗಳು ಇರುವವರಿಗೆ ಓದುವಾಗ ಏನಾಗುತ್ತದೆ?
3. ರಟ್ಟಿನ ತುಂಡನ್ನು ಬಳಸಿ ಈ ಪಾಠವನ್ನು ಗೆಳೆಯರೊಡನೆ ಓದಿರಿ.