ಎಲ್‌ಕೆಜಿ ಮಗುವಿನ ಮೌಲ್ಯಮಾಪನ: ನಾಗರಬಾವಿಯ ಪೋಷಕರಿಗೆ ಆರು ಸೂತ್ರಗಳು

ನಾಗರಬಾವಿಯ ಪಾರ್ಕುಗಳಲ್ಲಿ ಸಂಜೆ ಕೂತರೆ ಅಮ್ಮಂದಿರ ಮಾತು ಇದೇ: ‘ನಿಮ್ಮವಳು ನೂರರ ತನಕ ಬರೀತಾಳಾ?’ ಮಗುವಿಗಿನ್ನೂ ನಾಲ್ಕು ತುಂಬಿಲ್ಲ. ಶಾಲೆ ಮಗುವನ್ನು ಅಳೆಯಲಿ, ಬೇಡವೆನ್ನುವುದಿಲ್ಲ. ಆದರೆ ಆ ಅಳತೆ ನಾಳೆ ಏನು ಕಲಿಸಬೇಕೆಂದು ಟೀಚರಿಗೆ ತಿಳಿಯಲಿಕ್ಕೆ ಇರಬೇಕು.

1. ಪ್ರವೇಶಕ್ಕೆ ಪರೀಕ್ಷೆ ಎಂದರೆ ಪ್ರಶ್ನಿಸಿ. ಒಂದನೇ ತರಗತಿಗೆ ಸೇರಿಸಿಕೊಳ್ಳಲು ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಮೊದಲ ತಪ್ಪಿಗೆ 25 ಸಾವಿರ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರ ರೂಪಾಯಿವರೆಗೆ ದಂಡ. ಆರು ವರ್ಷದವರಿಗೇ ಬೇಡವೆಂದದ್ದು ಮೂರೂವರೆ ವರ್ಷದವರಿಗೆ ಹೇಗೆ ಸರಿ? ಕಾನೂನು ಓದಲು ದೇಶದ ಮೂಲೆಮೂಲೆಯಿಂದ ನಮ್ಮ ನಾಗರಬಾವಿಗೆ ಬರುತ್ತಾರೆ. ಇಲ್ಲಿನ ಪೋಷಕರಿಗೂ ಈ ಒಂದು ಸೆಕ್ಷನ್ ಗೊತ್ತಿರಲಿ.

2. ಹುಟ್ಟಿದ ತಿಂಗಳು ನೋಡಿ. ಜೂನ್‌ನಲ್ಲಿ ಹುಟ್ಟಿದ ಮಗುವೂ ಮರುವರ್ಷದ ಮೇ ತಿಂಗಳಲ್ಲಿ ಹುಟ್ಟಿದ ಮಗುವೂ ಒಂದೇ ತರಗತಿಯಲ್ಲಿರುತ್ತವೆ. ಹನ್ನೊಂದು ತಿಂಗಳ ಅಂತರ ನಾಲ್ಕು ವರ್ಷದ ಮಗುವಿಗೆ ಹೆಚ್ಚುಕಡಿಮೆ ಕಾಲು ಆಯುಸ್ಸು.

3. ಮನೆಮಾತಿನಲ್ಲಿ ಕೇಳಲು ಹೇಳಿ. ‘ವಾಟ್ ಕಲರ್ ಈಸ್ ದಿಸ್?’ ಎಂದಾಗ ಸುಮ್ಮನೆ ನಿಂತ ಮಗು, ‘ಬಾಳೆಹಣ್ಣು ಹಣ್ಣಾಗಿದೆಯಾ ಪುಟ್ಟಾ?’ ಎಂದರೆ ‘ಇಲ್ಲಮ್ಮ, ಇನ್ನೂ ಹಸಿರು’ ಎನ್ನುತ್ತದೆ. ಅದಕ್ಕೆ ಬಣ್ಣ ಗೊತ್ತು, ಬಾರದ್ದು ಇಂಗ್ಲಿಷ್. ಇವೆರಡನ್ನು ಬೇರೆಬೇರೆ ಬರೆದುಕೊಳ್ಳುವ ಟೀಚರ್ ಸಿಕ್ಕರೆ ಅದು ಮಗುವಿನ ಪುಣ್ಯ.

4. ಪೋಷಕರ ಸಭೆಯಲ್ಲಿ ಗ್ರೇಡ್ ಕೇಳಬೇಡಿ, ಘಟನೆ ಕೇಳಿ. ಬ್ಲಾಕ್ಸ್ ಬಿದ್ದಾಗ ಏನು ಮಾಡಿದ? ಸರದಿ ಕಾಯ್ತಾನಾ? ಕೇಳಿದ ಕಥೆ ತಿರುಗಿ ಹೇಳ್ತಾನಾ? 3ರಿಂದ 8 ವರ್ಷದವರಿಗೆ ಟೆಸ್ಟು, ಪರೀಕ್ಷೆಗಳು ಸಲ್ಲವೆಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ.

5. ನಲಿ-ಕಲಿ ತರಗತಿಯೊಂದನ್ನು ನೋಡಿಬನ್ನಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಮೊಳೆತ ಪದ್ಧತಿ ಅದು. ಕಲಿಕೆಯೆಂದರೆ ಅಲ್ಲಿ ಏಣಿ. ಪ್ರತಿ ಮಗುವಿಗೂ ಅದರದೇ ವೇಗ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಯಾರು ಎಲ್ಲಿದ್ದಾರೆಂದು ಟೀಚರಿಗೆ ‘ಪ್ರಗತಿ ನೋಟ’ದಲ್ಲಿ ಕಾಣುತ್ತದೆ. ನನಗೆ ಇದಕ್ಕಿಂತ ಹಿತವಾದ ಮೌಲ್ಯಮಾಪನ ಕಂಡಿಲ್ಲ. ಲಕ್ಷ ರೂಪಾಯಿ ಫೀಸಿನ ಶಾಲೆಯಲ್ಲೂ ಇದನ್ನೇ ಕೇಳಿ: ನನ್ನ ಮಗು ಈಗ ಯಾವ ಮೆಟ್ಟಿಲಲ್ಲಿದೆ, ಮುಂದಿನದು ಯಾವುದು?

6. ‘ಹಿಂದಿದ್ದಾನೆ’ ಎಂದರೆ ಟ್ಯೂಷನ್ ಹುಡುಕಬೇಡಿ. ಮೊದಲು ಕಿವಿ, ಕಣ್ಣು ತೋರಿಸಿ. ಕೂಗಿದರೆ ತಿರುಗದ ಮಗುವಿಗೆ ಕೇಳಿಸದೇ ಇರಬಹುದು, ಬೋರ್ಡ್ ನೋಡದ ಮಗುವಿಗೆ ಕಾಣಿಸದೇ ಇರಬಹುದು. ಮಾತು ತಡವಾಗಿದ್ದರೆ ‘ಅವರಪ್ಪನೂ ಹಾಗೇ ಇದ್ದ’ ಎಂದು ಕಾಯಬೇಡಿ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೇ ತಪಾಸಣೆಗೆ ಬರುತ್ತದೆ. ಖಾಸಗಿ ಶಾಲೆಯ ಮಗುವಾದರೆ ನೀವೇ ಕರೆದುಕೊಂಡು ಹೋಗಿ, ಈ ತಿಂಗಳಲ್ಲೇ.