ಗುಜರಿ ಲೋಹ ಮತ್ತು ವಿಕಿರಣಶೀಲ ಮಾಲಿನ್ಯ

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯ ಕೆಲವರಿಗೆ ಚರ್ಮ ಕಪ್ಪಾಗಿ, ಕೂದಲು ಉದುರತೊಡಗಿತು. ಕಾರಣ ಹುಡುಕಿದಾಗ ದೊರೆತದ್ದು ಕೋಬಾಲ್ಟ್-60. ದೆಹಲಿ ವಿಶ್ವವಿದ್ಯಾಲಯವು 1968ರಲ್ಲಿ ಕೊಂಡು, 1985ರಿಂದ ಬಳಸದೆ ಇಟ್ಟಿದ್ದ ಗಾಮಾ ವಿಕಿರಣ ಉಪಕರಣವನ್ನು ಆ ವರ್ಷದ ಫೆಬ್ರವರಿಯಲ್ಲಿ ಹರಾಜು ಹಾಕಿತ್ತು. ಕೊಂಡವರ ಕಣ್ಣಿಗೆ ಅದು ಒಳ್ಳೆಯ ತೂಕದ ಸೀಸ, ಉಕ್ಕು, ಅಷ್ಟೆ. ಸೀಸದ ಕವಚ ಬಿಚ್ಚಿ ಒಳಗಿನ ಕಡ್ಡಿಗಳನ್ನು ಹೊರತೆಗೆದರು. ವ್ಯಾಪಾರಿಯೊಬ್ಬರು ಲೋಹದ ಚೂರೊಂದನ್ನು ಹಣದ ಪಾಕೀಟಿನಲ್ಲೇ ಇಟ್ಟುಕೊಂಡಿದ್ದರು. ಏಪ್ರಿಲ್ 26ರಂದು ಒಬ್ಬ ಕೆಲಸಗಾರರು ಮೃತಪಟ್ಟರು.

ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ಅಂದರೆ ಅಷ್ಟು ಅವಧಿಗೊಮ್ಮೆ ಅದರ ವಿಕಿರಣಶೀಲತೆ ಅರ್ಧಕ್ಕೆ ಇಳಿಯುತ್ತದೆ. ಕೊಂಡ ವರ್ಷದಿಂದ ಲೆಕ್ಕ ಹಾಕಿದರೆ 42 ವರ್ಷಗಳಲ್ಲಿ ಎಂಟು ಬಾರಿ ಅರ್ಧವಾಗಿ, ಸುಮಾರು 256ರಲ್ಲಿ ಒಂದು ಪಾಲು ಮಾತ್ರ ಉಳಿದಿರಬೇಕು. ಆ ಉಳಿಕೆಯೇ ಜೀವ ತೆಗೆಯಿತು. ‘ಹಳೆಯ ಸಾಮಾನು, ಸತ್ವ ಹೋಗಿದೆ’ ಎಂಬ ನಮ್ಮ ಪೇಟೆಯ ಮಾತು ಇಲ್ಲಿ ಸಲ್ಲದು.

ವಿಕಿರಣಕ್ಕೆ ಒಡ್ಡಿಕೊಳ್ಳುವುದು ಬೇರೆ, ಮಾಲಿನ್ಯ ಬೇರೆ. ಮೊದಲನೆಯದು ಮೂಲದಿಂದ ದೂರ ಸರಿದಂತೆ ತಗ್ಗುತ್ತದೆ. ಅಂತರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಮೂಲವನ್ನು ಕತ್ತರಿಸಿದಾಗ ಏಳುವ ಪುಡಿ ಕೈಗೆ, ಬಟ್ಟೆಗೆ, ಬುತ್ತಿಗೆ ಅಂಟಿ ದೇಹದೊಳಗೂ ಸೇರುತ್ತದೆ. ಆಗ ದೂರ ಸರಿಯುವ ಮಾತೇ ಉಳಿಯುವುದಿಲ್ಲ.

ಎರಕದ ಕಾರ್ಖಾನೆಯವರಿಗೆ ಇನ್ನೊಂದು ಸಂಕಟವಿದೆ. ಕುಲುಮೆಗೆ ಬಿದ್ದ ಕೋಬಾಲ್ಟ್ ಕರಗಿದ ಉಕ್ಕಿನಲ್ಲಿ ಬೆರೆತು ಪ್ರತಿಯೊಂದು ಎರಕದಲ್ಲೂ ಸೇರಿಹೋಗುತ್ತದೆ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟ್‌ಗಳ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಆ ಉಕ್ಕು ಹೋದದ್ದು ಭಾರತದಿಂದ. ಸೀಸಿಯಂ-137ರ ಸ್ವಭಾವವೇ ಬೇರೆ. ಅದು ಆವಿಯಾಗಿ ಹೊಗೆಯ ಧೂಳಿನಲ್ಲಿ ಕೂರುತ್ತದೆ. ಅರ್ಧಾಯುವೂ ಸುಮಾರು 30 ವರ್ಷ. 1998ರಲ್ಲಿ ಸ್ಪೇನಿನ ಅಲ್ಹೆಸಿರಾಸ್ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಇಂಥ ಮೂಲವೊಂದು ಯಾರ ಗಮನಕ್ಕೂ ಬಾರದೆ ಕರಗಿತು. ಅದರ ಕುರುಹು ಫ್ರಾನ್ಸ್, ಇಟಲಿಗಳ ಗಾಳಿಯಲ್ಲೂ ಕಂಡುಬಂದಿತು.

ಗಾತ್ರಕ್ಕೆ ಮೀರಿದ ಭಾರ, ಸೀಸದ ದಪ್ಪ ಕವಚ, ಮೂರು ಎಸಳಿನ ಚಿಹ್ನೆ: ಇವುಗಳಲ್ಲಿ ಒಂದು ಕಂಡರೂ ಗ್ಯಾಸ್ ಕಟ್ಟರ್ ಮುಟ್ಟಿಸಬಾರದು. ಚಿಹ್ನೆಯ ಬಣ್ಣ ಮಾಸಿರುವುದೂ ಉಂಟು, ಆದ್ದರಿಂದ ಅದಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಆಸ್ಪತ್ರೆ, ಪ್ರಯೋಗಾಲಯ, ಸಿಮೆಂಟ್ ಕಾರ್ಖಾನೆಗಳ ಹಳೆಯ ಉಪಕರಣಗಳನ್ನು ಹರಾಜಿನಲ್ಲಿ ಕೊಳ್ಳುವಾಗ, ಅವುಗಳಲ್ಲಿ ವಿಕಿರಣ ಮೂಲವಿಲ್ಲವೆಂದು ಮಾರುವವರಿಂದ ಲಿಖಿತವಾಗಿ ಪಡೆಯುವುದು ಒಳಿತು. ಗುಜರಿಯನ್ನು ಲೋಡುಗಟ್ಟಲೆ ಕೊಳ್ಳುವವರು ವಿಕಿರಣ ಮಾಪಕವೊಂದನ್ನು ಇಟ್ಟುಕೊಂಡರೆ ಆ ವೆಚ್ಚ ವ್ಯರ್ಥವಲ್ಲ. ಅನುಮಾನ ಬಂದ ಕೂಡಲೇ ಜನರನ್ನು ದೂರ ಕಳುಹಿಸಿ, ಪೊಲೀಸರಿಗೂ ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೂ ತಿಳಿಸತಕ್ಕದ್ದು.